ತಮ್ಮಯ್ಯನ ಕಿವಿ ಮತ್ತು ಎರಡು ಕ್ಯಾಮೆರಾ

ಗೋವಿನಕೋವಿಯಲ್ಲಿ ನಮ್ಮ ಪಕ್ಕದ ಮನೆಯ ಅಂಜಿನಮ್ಮನಿಗೆ ಒಂದು ಚಾಳಿ ಇದೆ. ಯಾರು ಏನು ಹೇಳಿದರೂ ‘ನೀವು ನೋಡಿದ್ರಾ?’ ಎಂದು ಕೇಳುತ್ತಾಳೆ. ಹೊಳೆಗೆ ನೀರು ಬಂತಂತೆ ಅಂದರೂ ಅದೇ ಪ್ರಶ್ನೆ, ಇಂಥವರ ಮನೆ ಸೊಸೆ ಮುನಿಸಿಕೊಂಡು ಹೋದಳಂತೆ ಅಂದರೂ ಅದೇ ಪ್ರಶ್ನೆ. ಅವಳ ದನಿಯಲ್ಲಿ ಅನುಮಾನವಾಗಲಿ ಕೊಂಕಾಗಲಿ ಇರುವುದಿಲ್ಲ. ನೋಡಿದ್ದರೆ ಹೇಗಿತ್ತು ಹೇಳಿ ಎಂಬ ಆಸೆ ಅಷ್ಟೆ. ಆದರೂ ನನಗೆ ಮೈ ಉರಿಯುತ್ತದೆ. ನಾನು ಅಂಗನವಾಡಿ ಟೀಚರ್. ದಿನವಿಡೀ ಮಕ್ಕಳ ‘ಯಾಕೆ’ಗಳಿಗೆ ಉತ್ತರ ಕೊಟ್ಟು ಮನೆಗೆ ಬಂದರೆ ಕಾಂಪೌಂಡಿನ ಆಚೆ ಈ ನಲವತ್ತು ದಾಟಿದ ಮಗು ನನಗಾಗಿ ಕಾದು ನಿಂತಿರುತ್ತದೆ.

ಅವಳು ಹುಟ್ಟಿದ್ದು ಜಗಳೂರಿನಾಚೆಯ ಒಂದು ಹಳ್ಳಿಯಲ್ಲಿ. ಈಗ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸಾರಿಗೆ ಉಪ್ಪು ಹಾಕುವುದನ್ನು ಮರೆತಾಳು, ಕುಕ್ಕರಿನ ಸೀಟಿ ಬಿಚ್ಚಿ ಒಳಗೇನಿದೆ ಎಂದು ನೋಡುವುದನ್ನು ಮರೆಯುವುದಿಲ್ಲ. ಊರಿನಲ್ಲಿ ಬೋರ್‌ವೆಲ್ ಕೊರೆದಾಗ ಎಲ್ಲರೂ ನೀರು ಬಂತೋ ಇಲ್ಲವೋ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಇವಳು ಮೇಲೆ ಬಂದ ಕಲ್ಲುಪುಡಿಯನ್ನು ಬಣ್ಣ ಬಣ್ಣವಾಗಿ ಬೇರೆ ಮಾಡಿ ಗಾಜಿನ ಬಾಟಲಿಗೆ ತುಂಬಿಕೊಂಡಳು. ಅದು ಈಗಲೂ ಅವರ ಟಿವಿ ಪಕ್ಕದಲ್ಲಿದೆ. ಬಂದವರಿಗೆಲ್ಲ ‘ನಮ್ ಕಾಲ್ ಕೆಳಗೆ ಹಿಂಗೈತೆ ನೋಡ್ರಿ’ ಎಂದು ತೋರಿಸುತ್ತಾಳೆ.

ಗಂಡ ಕೊಟ್ರೇಶ್ ಪಂಚಾಯಿತಿಯ ನೀರುಗಂಟಿ. ಬೆಳಿಗ್ಗೆ ಕೇರಿ ಕೇರಿಗೆ ನೀರು ಬಿಡುವುದು ಅವನ ಕೆಲಸ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ನಲ್ಲಿಗಿಂತ ಜೋರು. ಅವನ ಪ್ರಾಣವೆಲ್ಲ ಹೋರಿಯ ಮೇಲೆ. ನಮ್ಮ ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ ನಡೆಯುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಕೋಡಿಗೆ ಬಲೂನು ಬಿಗಿದು, ಎರಡು ಕಡೆ ಜನ ಕಿಕ್ಕಿರಿದ ಓಣಿಯಲ್ಲಿ ಬಿಟ್ಟುಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿ ಕೊಡದೆ ಓಡಬೇಕು. ಹೋರಿಗಳಿಗೆ ಬ್ಯಾನರು, ಅಭಿಮಾನಿ ಬಳಗ ಎಲ್ಲ ಇವೆ. ಕೊಟ್ರೇಶನ ಹೋರಿಗೆ ಬ್ಯಾನರಿನಲ್ಲಿ ‘ಗೋವಿನಕೋವಿ ಬಿರುಗಾಳಿ’ ಎಂದು ಹೆಸರು. ಚನ್ನಗಿರಿ ಕಡೆಯಿಂದ ಕರುವಾಗಿ ಬಂದದ್ದು, ಈವರೆಗೆ ಯಾರಿಗೂ ಒಂದು ಚೂರು ಕೊಬ್ಬರಿ ಕೊಟ್ಟಿಲ್ಲ. ಮನೆಯಲ್ಲಿ ಆ ಬಿರುಗಾಳಿಯನ್ನು ಅಂಜಿನಮ್ಮ ‘ತಮ್ಮಯ್ಯ’ ಎಂದು ಕರೆಯುತ್ತಾಳೆ. ಹುರುಳಿ ಬೇಯಿಸಿ ಇಡುವವಳು, ಮೈ ತಿಕ್ಕುವವಳು, ಕಿವಿಯೊಳಗಿನ ಉಣ್ಣೆಹುಳ ತೆಗೆಯುವವಳು ಅವಳೇ. ಕೊಟ್ರೇಶ್ ಹಬ್ಬದ ದಿನ ಹಗ್ಗ ಹಿಡಿಯುತ್ತಾನೆ.

ಜಗಳೂರು ಕಡೆಯಲ್ಲಿ, ಅವಳ ಊರಿನಲ್ಲಂತೂ, ಈ ಹಬ್ಬವಿರಲಿಲ್ಲ. ಹೀಗಾಗಿ ನಮಗೆ ಯಾರಿಗೂ ಹೊಳೆಯದ ಪ್ರಶ್ನೆ ಅವಳಿಗೆ ಹೊಳೆಯಿತು. ಹೋದ ವರ್ಷ ಹಬ್ಬ ಮುಗಿಸಿ ಬಂದ ತಮ್ಮಯ್ಯ ಹುರುಳಿ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಅಂಗಳದಲ್ಲಿ ಕೊಟ್ರೇಶ್ ಹತ್ತು ಜನರನ್ನು ಸೇರಿಸಿಕೊಂಡು, ಹೋರಿ ಹೇಗೆ ಹಾರಿತು, ಯಾರನ್ನು ಹೇಗೆ ತೂರಿತು ಎಂದು ಕೈಕಾಲು ಆಡಿಸಿ ಹೇಳುತ್ತಿದ್ದ. ಅಂಜಿನಮ್ಮ ನಡುವೆ ಬಾಯಿ ಹಾಕಿದಳು.

‘ಓಡೋವಾಗ ಕಣ್ಣು ಹೆಂಗಿತ್ತು?’

‘ಕೆಂಡ ಇದ್ದಂಗಿತ್ತು’ ಅಂದ ಕೊಟ್ರೇಶ್.

‘ಕಿವಿ?’

ಕೊಟ್ರೇಶ್ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ‘ಕಿವಿ ಯಾರ್ ನೋಡ್ತಾರೆ ಮಾರಾಯ್ತಿ’ ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ನಗಲಿಲ್ಲ. ‘ಹೆದರಿದ್ರೆ ಅದು ಕಿವಿ ಹಿಂದಕ್ಕೆ ಒತ್ಕಂತದೆ. ಮೂಗುದಾರ ಹಾಕ್ಸಿದ್ ದಿನ ನಾನ್ ನೋಡೀನಿ. ಖುಷಿಯಾಗಿದ್ರೆ ಕಿವಿ ಮುಂದಕ್ಕಿರ್ತೈತೆ. ಅದು ಹೆದರಿ ಓಡ್ತಿದ್ರೆ ಇನ್ ಓಡ್ಸೋದು ಬ್ಯಾಡ’ ಅಂದಳು.

‘ಹೆದರೋ ಹೋರಿ ಅಲ್ಲ ಅದು. ಬೇಕಾದ್ರೆ ನೋಡ್ಕಾ. ಹೆದರ್ತೈತೆ ಅಂತ ತೋರ್ಸು, ಅವತ್ತೇ ಬಿಡ್ತೀನಿ’ ಎಂದು ಕೊಟ್ರೇಶ್ ಎಲ್ಲರ ಎದುರಿಗೆ ಮಾತು ಕೊಟ್ಟ. ತೋರಿಸುವುದು ಹೇಗೆ? ಹೆಂಗಸರು ಓಣಿಗೆ ಇಳಿಯುವಂತಿಲ್ಲ, ದೂರದ ತಾರಸಿಗಳ ಮೇಲೆ ನಿಲ್ಲಬೇಕು. ಅಲ್ಲಿಂದ ಕಾಣುವುದು ಧೂಳು ಮತ್ತು ಬಲೂನು. ಮೊಬೈಲಿನಲ್ಲಿ ಹಿಡಿದರೆ ಹೋರಿ ಇರುವೆಯಷ್ಟಾಗುತ್ತದೆ. ಹುಡುಗರು ಹಾಕುವ ವಿಡಿಯೋಗಳಲ್ಲಿ ಹಾಡು ಜಾಸ್ತಿ, ಹೋರಿ ಕಡಿಮೆ, ಕಿವಿ ಇಲ್ಲವೇ ಇಲ್ಲ. ಅಂಜಿನಮ್ಮ ವರ್ಷವೆಲ್ಲ ಯೋಚಿಸಿ, ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ ಬೇಕೆಂದು ತೀರ್ಮಾನಿಸಿದಳು. ಮಹಿಳಾ ಸಂಘದಲ್ಲಿ ಅವಳದೇ ಉಳಿತಾಯವಿತ್ತು, ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

ದಸರಾ ರಜೆಯಲ್ಲಿ ನನ್ನನ್ನೂ ಎಳೆದುಕೊಂಡು ಹೊನ್ನಾಳಿಗೆ ಹೋದಳು. ಬಸ್ ಸ್ಟ್ಯಾಂಡ್ ಹತ್ತಿರ ಭೀಮೇಶನ ಸ್ಟುಡಿಯೋ ಇದೆ. ಮದುವೆ ಫೋಟೋ ತೆಗೆಯುವ ಹುಡುಗ, ಹಳೆಯ ಕ್ಯಾಮೆರಾಗಳನ್ನೂ ಮಾರುತ್ತಾನೆ. ಅಂಜಿನಮ್ಮ ಕಿವಿಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಅವನು ನಗಲಿಲ್ಲ, ಅದಕ್ಕೇ ನನಗೆ ಅವನ ಮೇಲೆ ಗೌರವ ಬಂತು. ಗಾಜಿನ ಬೀರುವಿನಿಂದ ಎರಡು ಕ್ಯಾಮೆರಾ ತೆಗೆದು ಮುಂದಿಟ್ಟ. ಬೇರೆ ಬೇರೆ ಕಂಪನಿಯವು, ಒಂದಕ್ಕೊಂದು ಪೈಪೋಟಿಗೆ ಬಿದ್ದು ಮಾಡಿದವು. ನೋಡುವುದಕ್ಕೆ ಅಣ್ಣತಮ್ಮಂದಿರ ಹಾಗೆಯೇ ಇದ್ದವು. ಒಂದರ ಗುಂಡಿ ಒತ್ತಿದರೆ ಲೆನ್ಸು ಸೌತೆಕಾಯಿಯಷ್ಟು ಉದ್ದ ಹೊರಗೆ ಬರುತ್ತಿತ್ತು. ಇನ್ನೊಂದರದು ಅರ್ಧದಲ್ಲೇ ನಿಲ್ಲುತ್ತಿತ್ತು. ಅಂಜಿನಮ್ಮ ಅಲ್ಲೇ ಅವಕ್ಕೆ ಉದ್ದಮೂತಿ, ಗಿಡ್ಡಮೂತಿ ಎಂದು ಹೆಸರಿಟ್ಟಳು.

‘ಅಕ್ಕಾ, ಉದ್ದಮೂತಿ ಭಾಳ ದೂರ ನೋಡ್ತೈತೆ’ ಅಂದ ಭೀಮೇಶ್. ‘ಆದ್ರೆ ನಿಧಾನ. ಗುರಿ ಹಿಡಿಯಾಕೆ ಹೊತ್ತು ತಗಂತೈತೆ, ಎರಡ್ಮೂರು ಫೋಟೋ ತೆಗೆದ್ಮೇಲೆ ಮೆಲುಕು ಹಾಕ್ತಾ ಕುಂತ್ಬಿಡ್ತೈತೆ. ಗಿಡ್ಡಮೂತಿ ಅಷ್ಟ್ ದೂರ ನೋಡಲ್ಲ. ಒತ್ತಿದ್ ಕೂಡ್ಲೆ ಟಪಟಪ ಅಂತ ಹಿಡೀತೈತೆ. ನಿಂತಿದ್ದನ್ನ ಹಿಡಿಯಾಕೆ ಉದ್ದಮೂತಿ, ಓಡೋದನ್ನ ಹಿಡಿಯಾಕೆ ಗಿಡ್ಡಮೂತಿ. ಎರಡೂ ತಗಂಡ್ ಹೋಗ್ರಿ. ಹಬ್ಬ ಆದ್ಮೇಲೆ ಒಂದನ್ನ ಇಟ್ಕಂಡು ಇನ್ನೊಂದನ್ನ ವಾಪಸ್ ಕೊಡ್ರಿ.’

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೋಳು. ಹೊನ್ನಾಳಿ ಸೇತುವೆಯ ಮೇಲೆ ನಿಂತು, ಬಂಡೆಯ ಮೇಲೆ ಕೂತಿದ್ದ ಕೊಕ್ಕರೆಯನ್ನು ಎರಡರಲ್ಲೂ ಹಿಡಿದಳು. ಉದ್ದಮೂತಿಯಲ್ಲಿ ಕೊಕ್ಕರೆಯ ಕಣ್ಣಿನ ಸುತ್ತಲಿನ ಹಳದಿ ಕಾಣಿಸಿತು. ‘ಟೀಚರ್, ಇದಕ್ಕೆ ಕಾಡಿಗೆ ಬ್ಯಾರೆ ಬಣ್ಣದ್ದು’ ಎಂದು ಖುಷಿಪಟ್ಟಳು. ಊರಿಗೆ ಬಂದ ಮೇಲೆ ಗುಡಿಯ ಕಳಸ, ನೀರಿನ ಟ್ಯಾಂಕಿನ ಮೇಲಿನ ಹೆಜ್ಜೇನು, ಸಂಜೆ ಮೂಡಿದ ಚಂದ್ರ, ಅಷ್ಟು ದೂರದ ಹೊಲದಲ್ಲಿ ಬೀಡಿ ಸೇದುತ್ತ ಕೂತ ಹಿಂದಿನ ಓಣಿಯ ಹಾಲೇಶಪ್ಪ, ಯಾರನ್ನೂ ಬಿಡಲಿಲ್ಲ. ಬೀಡಿ ಬಿಟ್ಟಿದ್ದೇನೆಂದು ಮನೆಯಲ್ಲಿ ಆಣೆ ಇಟ್ಟಿದ್ದ ಹಾಲೇಶಪ್ಪ ಒಂದು ವಾರ ನಮ್ಮ ಓಣಿಗೆ ಬರಲಿಲ್ಲ. ಚಂದ್ರನ ಗುಳಿಗಳನ್ನು ನಾನು ಮೊದಲ ಸಲ ನೋಡಿದ್ದು ಆ ಉದ್ದಮೂತಿಯಲ್ಲೇ. ಬೈಯುತ್ತಲೇ ಹೋಗಿ ಬಹಳ ಹೊತ್ತು ನೋಡಿದೆ. ಅದನ್ನು ಅವಳಿಗೆ ಹೇಳಲಿಲ್ಲ.

ಈ ಪರೀಕ್ಷೆಯಲ್ಲಿ ಒಂದು ದೊಡ್ಡ ತಪ್ಪಿತ್ತು. ಕಳಸ ಓಡುವುದಿಲ್ಲ. ಚಂದ್ರನೂ, ಬೀಡಿ ಸೇದುವ ಹಾಲೇಶಪ್ಪನೂ ಓಡುವುದಿಲ್ಲ. ಓಡುವ ಹೋರಿಯನ್ನೇ ಒಂದು ಸಲ ಹಿಡಿದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮಲ್ಲಿ ಒಪ್ಪಿಗೆ ಇಲ್ಲ. ಹಬ್ಬಕ್ಕೆ ಬಿಡುವ ಹೋರಿಯ ಫೋಟೋವನ್ನು ಮುಂಚೆ ಯಾರೂ ತೆಗೆಯುವಂತಿಲ್ಲ, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಕೊಟ್ಟಿಗೆಗೆ ಗೋಣಿತಾಟಿನ ಪರದೆ ಕಟ್ಟಿ ಇಟ್ಟಿರುತ್ತಾರೆ. ಬೇರೆಲ್ಲದಕ್ಕೂ ‘ನೀವು ನೋಡಿದ್ರಾ’ ಅನ್ನುವ ಅಂಜಿನಮ್ಮ ಇದೊಂದನ್ನು ಮಾತ್ರ ಪ್ರಶ್ನೆ ಮಾಡದೆ ಪಾಲಿಸಿದಳು. ತಮ್ಮಯ್ಯನ ವಿಷಯದಲ್ಲಿ ಅವಳಿಗೆ ಧೈರ್ಯ ಸಾಲಲಿಲ್ಲ.

ಹೀಗಾಗಿ ಎಲ್ಲ ಪರೀಕ್ಷೆಯಲ್ಲೂ ಉದ್ದಮೂತಿಯೇ ಗೆದ್ದಿತು. ವಿಚಿತ್ರವೆಂದರೆ, ಹೆಂಡತಿಯ ಹುಚ್ಚಾಟಗಳಿಗೆ ತಲೆ ಹಾಕದ ಕೊಟ್ರೇಶನೂ, ಭೀಮೇಶ್ ಹೇಳಿದ್ದನ್ನೆಲ್ಲ ಅವಳ ಬಾಯಿಂದ ಕೇಳಿ, ಅದಕ್ಕೇ ಓಟು ಹಾಕಿದ. ಒಂದು ಬೆಳಿಗ್ಗೆ ನೀರು ಬಿಟ್ಟು ಬಂದವನು ತಾನಾಗಿಯೇ ‘ಉದ್ದದ್ದೇ ಇಟ್ಕಾ. ದೂರದ್ದು ಕಾಣಾಕೆ ತಾನೆ ತಂದಿದ್ದು? ಗಿಡ್ಡದ್ದನ್ನ ಇವತ್ತೇ ಕೊಟ್ಟು ಬರ್ತೀನಿ ತಾ’ ಅಂದ. ಮರುದಿನ ಮತ್ತೆ ಅದೇ ಮಾತು. ಇವನಿಗೆ ಕ್ಯಾಮೆರಾದ ಬಗ್ಗೆ ಏನು ಗೊತ್ತು ಎಂದು ನನಗೆ ಸಿಟ್ಟು ಬಂತು. ‘ಭೀಮೇಶ್ ಹಬ್ಬ ಆಗೋವರೆಗೆ ಇಟ್ಕಳ್ರಿ ಅಂದಾನೆ. ನಿಮಗ್ಯಾಕೆ ಅವಸರ?’ ಎಂದು ಕಾಂಪೌಂಡಿನ ಮೇಲಿಂದಲೇ ದಬಾಯಿಸಿದೆ. ಗಿಡ್ಡಮೂತಿ ಉಳಿದದ್ದು ನನ್ನ ಸಿಟ್ಟಿನಿಂದ.

ಹಬ್ಬ ನಡೆದದ್ದು ಸಾಸ್ವೆಹಳ್ಳಿ ಕಡೆಯ ಒಂದು ಊರಿನಲ್ಲಿ. ನನ್ನ ಅಕ್ಕನ ಮನೆ ಅಲ್ಲೇ ಇರುವುದರಿಂದ ತಾರಸಿ ಸಿಕ್ಕಿತು. ಹೋರಿ ಬಿಡುವ ಓಣಿಯ ಬಾಗಿಲು ಅಲ್ಲಿಂದ ಬಹಳ ದೂರ, ಆದರೆ ಅಡ್ಡಿಯಿಲ್ಲದೆ ನೇರವಾಗಿತ್ತು. ಮೈಕಿನವನು ಬೆಳಿಗ್ಗೆಯಿಂದಲೇ ಅರಚುತ್ತಿದ್ದ. ನನಗೆ ಆ ಮೈಕು ಕಂಡರೆ ಆಗುವುದಿಲ್ಲ. ಅಂಜಿನಮ್ಮನಿಗೆ ಅದು ಕೇಳಿಸುತ್ತಲೂ ಇರಲಿಲ್ಲ. ಬೇರೆ ಹೋರಿಗಳು ಓಡುವಾಗ ಅವಳು ಕೈ ಹಚ್ಚಲಿಲ್ಲ, ಬ್ಯಾಟರಿ ಉಳಿಸಿಕೊಂಡು ಕೂತಿದ್ದಳು. ಪ್ರತಿ ಹೋರಿಗೆ ಎರಡು ಸುತ್ತು ಇರುತ್ತದೆ.

‘ಗೋವಿನಕೋವಿ ಬಿರುಗಾಳಿ’ ಎಂದು ಕೂಗಿದ ಕೂಡಲೇ ಉದ್ದಮೂತಿಯನ್ನು ತಾರಸಿಯ ಗೋಡೆಯ ಮೇಲೆ ಮಡಿಸಿದ ಟವೆಲಿನಲ್ಲಿ ಊರಿದಳು. ಕ್ಯಾಮೆರಾದ ಪರದೆಯ ತುಂಬ ತಮ್ಮಯ್ಯನ ಹಣೆ, ಅದರ ಪಕ್ಕ ಹಗ್ಗ ಹಿಡಿದ ಕೊಟ್ರೇಶ್. ಹಣೆಯ ಕುಂಕುಮದ ಪುಡಿ ಕಣ್ಣ ಮೇಲೆ ಉದುರಿದ್ದು ಕೂಡ ಕಾಣುತ್ತಿತ್ತು. ಆದರೆ ಕೋಡಿಗೆ ಕಟ್ಟಿದ ಗೊಂಡೆ ಕಿವಿಗೆ ಅಡ್ಡವಾಗಿತ್ತು. ಕೊಟ್ರೇಶ್ ಹಗ್ಗ ಬಿಟ್ಟ. ಅಂಜಿನಮ್ಮ ಗುಂಡಿ ಒತ್ತಿದಳು. ಕ್ಯಾಮೆರಾ ಜುಂಯ್ ಎಂದು ಮೂತಿ ಹಿಂದೆ ಮುಂದೆ ಆಡಿಸಿ, ಆಮೇಲೆ ನಿಧಾನವಾಗಿ ಮೂರು ಸಲ ಟಿಕ್ ಅಂದು, ಮೆಲುಕು ಹಾಕಲು ಕೂತಿತು. ಅಷ್ಟರಲ್ಲಿ ತಮ್ಮಯ್ಯ ಓಣಿಯ ಆ ತುದಿ ಸೇರಿತ್ತು. ಜನ ಹೋ ಎನ್ನುತ್ತಿದ್ದರು. ಕೊಬ್ಬರಿ ಉಳಿದಿತ್ತು.

ಚಿತ್ರ ಮೂಡಿತು. ಹೋರಿ ಇರಲಿಲ್ಲ. ಮೂರರಲ್ಲೂ ಇದ್ದದ್ದು ಖಾಲಿ ಬಾಗಿಲು, ಧೂಳು, ಕೊಟ್ರೇಶ್. ‘ಗಂಡನ್ನ ಹಿಡಿಯಾಕೆ ಇಷ್ಟ್ ದೊಡ್ ಕ್ಯಾಮೆರಾ ಬೇಕಿತ್ತಾ?’ ಎಂದು ನಾನು ಛೇಡಿಸಿದೆ. ಅಂಜಿನಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಕೊಟ್ರೇಶ್ ಕಣ್ಣು ಮುಚ್ಚಿದ್ದ. ಮೊದಲ ಚಿತ್ರದಲ್ಲಿ ರೆಪ್ಪೆ ಬಡಿದಿರಬಹುದು ಅಂದುಕೊಂಡೆ. ಎರಡನೆಯದರಲ್ಲೂ ಮುಚ್ಚಿದ್ದ. ಮೂರನೆಯದರಲ್ಲಿ ಸುತ್ತಲಿನವರೆಲ್ಲ ಬಾಯಿ ತೆರೆದು ಹೋರಿ ಹೋದ ದಿಕ್ಕಿಗೆ ನೋಡುತ್ತಿದ್ದರು. ಅವನೊಬ್ಬ ಹಗ್ಗವನ್ನು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ವರ್ಷ ವರ್ಷವೂ ಅಂಗಳದಲ್ಲಿ ಹೋರಿಯ ಓಟವನ್ನು ಹೆಜ್ಜೆ ಹೆಜ್ಜೆಯಾಗಿ ಬಣ್ಣಿಸುತ್ತಿದ್ದವನು ಈ ಮನುಷ್ಯನೇ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

‘ಇವ್ರು ಯಾಕೆ ನೋಡ್ತಿಲ್ಲ?’ ಎಂದು ಅಂಜಿನಮ್ಮ ಮೆಲ್ಲಗೆ ಕೇಳಿದಳು. ನನ್ನನ್ನು ಕೇಳಿದ್ದಲ್ಲ ಅದು.

ಎರಡನೆಯ ಸುತ್ತಿಗೆ ಅವಳು ಗಿಡ್ಡಮೂತಿಯನ್ನು ಕೈಗೆತ್ತಿಕೊಂಡಳು. ತಮ್ಮಯ್ಯ ಪರದೆಯಲ್ಲಿ ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ. ಹಗ್ಗ ಬಿಟ್ಟ ಕೂಡಲೇ ಕ್ಯಾಮೆರಾ ಟಪಟಪ ಎಂದು ಹೊಡೆಯತೊಡಗಿತು. ಹೋರಿ ಓಡಿದ ಹಾಗೆ ಅವಳೂ ಮೈ ತಿರುಗಿಸುತ್ತ ಹೋದಳು. ಈ ಸಲವೂ ಯಾರಿಗೂ ಕೊಬ್ಬರಿ ಸಿಗಲಿಲ್ಲ. ಮೈಕಿನವನು ‘ಸೋಲಿಲ್ಲದ ಸರದಾರ’ ಎಂದು ಗಂಟಲು ಹರಿದುಕೊಂಡ. ನಾವಿಬ್ಬರೂ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಕೂತು, ಒಂದೊಂದೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು.

ಕಿವಿ ಹಿಂದಕ್ಕಿದ್ದವು. ಬಾಗಿಲು ದಾಟುವಾಗ ತಲೆಗೆ ಅಂಟಿಕೊಂಡ ಹಾಗೆ ಹಿಂದಕ್ಕಿದ್ದವು. ಕಣ್ಣಿನ ಸುತ್ತ ಬಿಳಿ ಕಾಣುತ್ತಿತ್ತು. ಹುಡುಗರ ಕೈಗಳು ಮೈಮೇಲೆ ಬೀಳುವಾಗಲೂ ಹಾಗೇ. ಜನರನ್ನೆಲ್ಲ ದಾಟಿ ಬಯಲಿಗೆ ಬಂದ ಮೇಲಾದರೂ ಸರಿಹೋದೀತು ಎಂದು ನಾನು ಕಾಯುತ್ತಿದ್ದೆ. ಕೊನೆಯ ಚಿತ್ರದಲ್ಲಿ ಹತ್ತಿರ ಯಾರೂ ಇರಲಿಲ್ಲ, ಬರೀ ಬಯಲು. ಕಿವಿ ಆಗಲೂ ಹಿಂದಕ್ಕೇ ಇದ್ದವು.

ಅಂಜಿನಮ್ಮ ಅಳಲಿಲ್ಲ. ‘ಮೂಗುದಾರದ್ ದಿನದ್ದೇ ಮುಖ’ ಎಂದಷ್ಟೇ ಹೇಳಿ ಕ್ಯಾಮೆರಾ ಚೀಲಕ್ಕೆ ಹಾಕಿದಳು. ಅಳು ಬಂದದ್ದು ನನಗೆ. ಇಷ್ಟು ವರ್ಷ ಆ ತಾರಸಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದವಳು ನಾನು. ಬಲೂನು ನೋಡಿದ್ದೆ, ಓಟ ನೋಡಿದ್ದೆ. ಮುಖ ನೋಡಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಸಂಜೆ ಅವರ ಅಂಗಳದಲ್ಲಿ ಎಂದಿನಂತೆ ಜನ ಸೇರಿದರು. ಹುಡುಗರು ಪಟಾಕಿ ಹಚ್ಚಿದರು. ಕೊಟ್ರೇಶ್ ಹೆಗಲ ಮೇಲೆ ಹೊಸ ಟವೆಲು ಹಾಕಿಕೊಂಡು, ‘ಬಾಗಿಲು ಬಿಟ್ಟಿದ್ದೇ ತಡ, ಎಡಕ್ಕೆ ಒಬ್ಬ ಬಂದ ನೋಡ್ರಿ, ಕಣ್ಣಲ್ಲೇ ಸುಟ್ಟಾಕ್ತು’ ಎಂದು ಶುರುಮಾಡಿದ. ನಾನು ಅಂಜಿನಮ್ಮನ ಮುಖವನ್ನೇ ನೋಡುತ್ತಿದ್ದೆ. ಈಗ ಕೇಳುತ್ತಾಳೆ, ‘ನೀವು ನೋಡಿದ್ರಾ?’ ಎಂದು ಎಲ್ಲರ ಎದುರಿಗೆ ಕೇಳಿಯೇ ಕೇಳುತ್ತಾಳೆ ಅಂದುಕೊಂಡೆ. ಅವಳು ಎಲ್ಲರಿಗೂ ಚಹಾ ಕೊಟ್ಟಳು. ಕಥೆ ಮುಗಿಯುವವರೆಗೆ ಕಂಬಕ್ಕೆ ಒರಗಿ ನಿಂತು ಕೇಳಿದಳು. ಅವಳನ್ನು ಕಂಡ ಇಷ್ಟು ವರ್ಷಗಳಲ್ಲಿ, ಕೇಳಬೇಕಾದ್ದನ್ನು ಕೇಳದೆ ಬಿಟ್ಟದ್ದು ಅದೊಂದೇ ಸಲ.

ಜನ ಹೋದ ಮೇಲೆ ಕೊಟ್ರೇಶನೇ ಬಾಯಿ ಬಿಟ್ಟ. ‘ಏನಾರ ಕಾಣ್ತಾ ನಿನ್ ಕ್ಯಾಮೆರಾದಾಗೆ?’

ಅವಳು ಮೊದಲು ಗಿಡ್ಡಮೂತಿಯನ್ನು ಕೊಟ್ಟಳು. ಅವನು ಗುಂಡಿ ಒತ್ತುತ್ತ ಹೋರಿಯ ಚಿತ್ರಗಳನ್ನೆಲ್ಲ ದಾಟಿದ, ಒಂದನ್ನೂ ದೊಡ್ಡದು ಮಾಡಲಿಲ್ಲ. ಆಮೇಲೆ ಅವಳು ಉದ್ದಮೂತಿಯನ್ನು ಕೊಟ್ಟಳು. ತನ್ನ ಮುಖ ಕಂಡಾಗ ಅವನ ಬೆರಳು ನಿಂತಿತು. ನಾನು ಎದ್ದು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ನನಗೂ ಅಂಜಿನಮ್ಮನ ಚಾಳಿ ಅಂಟಿದೆ.

‘ಮೊದಲ್ನೇ ವರ್ಷ ನೋಡಿದ್ದೆ’ ಅಂದ ಕೊಟ್ರೇಶ್. ದನಿ ಎಷ್ಟು ಸಣ್ಣದಾಗಿತ್ತೆಂದರೆ ಬೇರೆ ಯಾರೋ ಮಾತಾಡಿದ ಹಾಗಿತ್ತು. ‘ಹಗ್ಗ ಬಿಡೋವಾಗ ಅದು ಹಿಂದಕ್ ತಿರುಗಿ ನನ್ ಮುಖ ನೋಡ್ತು. ಆಮ್ಯಾಲೆ ನಾನು ನೋಡಿಲ್ಲ.’

‘ಮತ್ತೆ ಹೇಳ್ತಿದ್ದಿದ್ದು?’ ಅಂದಳು ಅಂಜಿನಮ್ಮ.

‘ಹುಡುಗ್ರು ಹೇಳೋರು. ಕೇಳ್ಕಂಡು ಹೇಳ್ತಿದ್ದೆ. ಊರೆಲ್ಲ ನನ್ ಹೋರಿ ಅಂತೈತೆ ಕಣೆ. ನೀರು ಬಿಡೋನ್ನ ಯಾರ್ ಕರೀತಿದ್ರು?’

ಅಂಜಿನಮ್ಮ ಎರಡೂ ಕ್ಯಾಮೆರಾಗಳನ್ನು ಜಗುಲಿಯ ಮೇಲಿಟ್ಟಳು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಮರುಕವೂ ಬಂತು. ಎರಡನ್ನೂ ಏನು ಮಾಡಬೇಕೆಂದು ತಿಳಿಯದೆ ಲೋಟಗಳನ್ನು ಎತ್ತಿಟ್ಟು ಮನೆಗೆ ಬಂದೆ. ಅವನು ಹಿಂದಿನ ವರ್ಷ ಎಲ್ಲರ ಎದುರಿಗೆ ಕೊಟ್ಟ ಮಾತನ್ನು ಅವಳು ನೆನಪಿಸಲಿಲ್ಲ, ಅವನೂ ಎತ್ತಲಿಲ್ಲ. ಮುಂದಿನ ಹಬ್ಬ ಇನ್ನೊಂದು ಊರಿನಲ್ಲಿ, ಬರುವ ತಿಂಗಳೇ ಇತ್ತು. ಬ್ಯಾನರು ಆಗಲೇ ಪ್ರಿಂಟಾಗಿತ್ತು. ಕೊಟ್ರೇಶ್ ಮಾತು ಉಳಿಸಿಕೊಳ್ಳುತ್ತಾನೆಂಬ ನಂಬಿಕೆ ನನಗಂತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ನೀರು ಬಿಟ್ಟು ಬಂದು, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡ. ಎರಡು ಕ್ಯಾಮೆರಾಗಳೂ ಜಗುಲಿಯ ಮೇಲಿದ್ದವು. ಅಂಜಿನಮ್ಮ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನಾನು ಕಾಂಪೌಂಡಿನ ಈಚೆ ಬಟ್ಟೆ ಒಣಗಹಾಕುವ ನೆಪದಲ್ಲಿದ್ದೆ.

‘ಹೊನ್ನಾಳಿಗೆ ಹೋಗಿ ಭೀಮೇಶಂಗೆ ಒಂದನ್ನ ಕೊಟ್ಟು ಬರ್ತೀನಿ’ ಅಂದ ಕೊಟ್ರೇಶ್.

‘ಯಾವ್ದು?’ ಎಂದು ಅವಳು ಕೇಳಿದಳು.

ಅವನು ಗಿಡ್ಡಮೂತಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡ. ಹಬ್ಬಕ್ಕೆ ಮುಂಚೆಯೂ ಅವನು ಹೇಳಿದ್ದು ಅದನ್ನೇ, ಗಿಡ್ಡದ್ದನ್ನು ಕೊಟ್ಟು ಬರುತ್ತೇನೆ ಎಂದು. ಓಡುವ ತಮ್ಮಯ್ಯನ ಕಿವಿ ಯಾರಿಗೂ ಕಾಣದಿರಲಿ ಎಂದು ಅವತ್ತು ಹಾಗಂದಿದ್ದನೆಂದು ಈಗ ನನಗೆ ಅರ್ಥವಾಗಿತ್ತು. ಆದರೆ ಇವತ್ತು ಅವನು ತಲೆ ತಗ್ಗಿಸಿರಲಿಲ್ಲ. ಕೊಟ್ಟಿಗೆಯ ಗೋಣಿತಾಟಿನ ಪರದೆಯನ್ನು ಕಿತ್ತು ಸುತ್ತಿ ಮೂಲೆಗೆ ಎಸೆದ. ಒಳಗೆ ತಮ್ಮಯ್ಯ ನಿಂತಿತ್ತು. ಕೋಡಿನಲ್ಲಿ ಒಡೆದ ಬಲೂನಿನ ಚೂರು ಹಾಗೇ ಇತ್ತು, ಅವನು ಅದನ್ನೂ ಬಿಡಿಸಿ ತೆಗೆದ.

‘ನಿಂತಿದ್ದನ್ನ ಹಿಡಿಯೋದು ಮನೇಲಿರ್ಲಿ’ ಅಂದ. ‘ಓಡೋದನ್ನ ಹಿಡಿಯೋದು ಇನ್ನ್ಯಾಕೆ ನಮಗೆ?’

ಬಸ್ಸು ಬಂತು, ಅವನು ಹೋದ. ಅಂಜಿನಮ್ಮ ಕೈ ತೊಳೆದು ಬಂದು, ಉದ್ದಮೂತಿಯನ್ನು ಎತ್ತಿ ಕೊಟ್ಟಿಗೆಯ ಬಾಗಿಲಲ್ಲಿ ಕೂತಳು. ಅದು ಎಂದಿನಂತೆ ಜುಂಯ್ ಎಂದು ಗುರಿ ಹುಡುಕತೊಡಗಿತು. ತಮ್ಮಯ್ಯನಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಅದು ಅವಳ ಮುಖವನ್ನೇ ನೋಡುತ್ತ ನಿಂತಿತ್ತು. ಕಾಂಪೌಂಡಿನ ಈಚೆಯಿಂದ ನನಗೆ ಬರೀ ಕೋಡು ಕಾಣುತ್ತಿತ್ತು.

‘ಕಿವಿ ಹೆಂಗೈತೆ?’ ಎಂದು ನಾನೇ ಕೇಳಿದೆ.